ಸೇವೆಯ ಡೈರಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನನ್ನ ಮಗ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ವರ್ಷಕ್ಕೆ 30 ಗಂಟೆ ಸಮಾಜಸೇವೆ ಮಾಡಲೇಬೇಕಂತೆ. ಶನಿವಾರ ಬಂತೆಂದರೆ ವೃದ್ಧಾಶ್ರಮಕ್ಕೆ ಹೋಗುತ್ತಾನೆ. ಹೋಗಿಬಂದದ್ದನ್ನು ಡೈರಿಯಲ್ಲಿ ಬರೆದು ಸಹಿ ಹಾಕಿಸಬೇಕು. ಬಲವಂತಕ್ಕೆ ಮಾಡಿದ ಸೇವೆಯಿಂದ ಏನು ಬರುತ್ತದೆ? ಆ ಹೊತ್ತಿನಲ್ಲಿ ನಾಲ್ಕು ಲೆಕ್ಕ ಮಾಡಬಹುದಿತ್ತು. ಶಾಲೆಗೆ ಪತ್ರ ಬರೆದು ಬಿಡಿಸಿಬಿಡಲೇ?
– ಒಬ್ಬ ತಾಯಿ

ಉತ್ತರ: ಲೆಕ್ಕದ ಟೀಚರ್ ಹತ್ತಿರವೇ ಲೆಕ್ಕದ ಹೊತ್ತು ಹೋಯಿತು ಅಂತೀರಲ್ಲ! ಇಂಥದ್ದೇ ಒಂದು ಶಾಲೆಯಲ್ಲಿ 26 ವರ್ಷ ಗಣಿತ ಕಲಿಸಿದವಳು ನಾನು. ಅದರಲ್ಲಿ 11 ವರ್ಷ ಸೇವಾ ತಂಡದ ಉಸ್ತುವಾರಿಯೂ ನನ್ನ ತಲೆಗೇ ಬಿದ್ದಿತ್ತು. ವಾರಕ್ಕೊಂದು ಗಂಟೆ ಬಿಟ್ಟುಕೊಟ್ಟು ಗಣಿತದಲ್ಲಿ ಹಿಂದೆ ಬಿದ್ದ ಹುಡುಗನನ್ನು ನಾನು ನೋಡಿಲ್ಲ. ಬೇರೆ ಕಾರಣಕ್ಕೆ ಹಿಂದೆ ಬಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ.

ಆದರೆ ಬಲವಂತದ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಮೊದಲ ವರ್ಷ ನನ್ನ ಮೇಜಿಗೆ ಬಂದ ಡೈರಿಗಳು ಹೇಗಿದ್ದವು ಗೊತ್ತಾ? ‘ವೃದ್ಧರಿಗೆ ಸಹಾಯ ಮಾಡಿದೆ, 2 ಗಂಟೆ.’ ಮುಂದಿನ ವಾರವೂ ಅದೇ ಸಾಲು. ಒಬ್ಬ ಹುಡುಗ ಇಡೀ ವರ್ಷದ್ದನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದು ಮುಗಿಸಿದ್ದ. ಸಹಿ ಅವನ ಚಿಕ್ಕಪ್ಪನದು. ನಾನು ಮೊಹರು ಒತ್ತಿ ಕಳಿಸಿದೆ. ತಪ್ಪು ಹುಡುಗನದಲ್ಲ, ನನ್ನದು. ನಾನು ನೋಡುತ್ತಿದ್ದದ್ದು ಕೂಡಿದ ಮೊತ್ತ ಸರಿ ಇದೆಯೇ ಎಂದು ಮಾತ್ರ.

ಅದೇ ವರ್ಷ ಎಂಟನೇ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು. “ಮಿಸ್, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿದೆ. ಮತ್ತೆ ನಾವ್ಯಾಕೆ ಡೈರಿ ಬರೀಬೇಕು?” ನನಗೆ ಉತ್ತರ ಹೊಳೆಯಲಿಲ್ಲ. ನಾನು ಕ್ಯಾಥೊಲಿಕ್ ಅಲ್ಲ, ಆದ್ದರಿಂದ ನೇರವಾಗಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರ ಹೋದೆ. ಅವರು ನಕ್ಕು, “ಗಂಟೆ ಬರೆಸಬೇಡಿ ಟೀಚರ್, ಹೆಸರು ಬರೆಸಿ” ಎಂದರು.

ಅಲ್ಲಿಂದ ನಿಯಮ ಬದಲಾಯಿತು. ಯಾರ ಜೊತೆ ಕೂತೆ, ಅವರ ಹೆಸರೇನು, ಅವರು ಹೇಳಿದ ಒಂದು ಮಾತೇನು – ಇಷ್ಟು ಬರೆಯಬೇಕು. ಚಿಕ್ಕಪ್ಪನ ಸಹಿ ಇದ್ದ ಹುಡುಗ ಮರುವರ್ಷ ಹೀಗೆ ಬರೆದ: ‘ಇವತ್ತು ತಾತ ನನ್ನ ಉಚ್ಚಾರ ಮೂರು ಸಲ ತಿದ್ದಿದರು. ಪೇಪರಿನಲ್ಲಿ ಆಟದ ಪುಟ ಬೇಡವಂತೆ. ನಿಧನ ವಾರ್ತೆ ಮೊದಲು ಓದಬೇಕಂತೆ.’ ಅವನ ಗಂಟೆಗಳು ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳು ಮುಂಚೆಯೇ ಮುಗಿದವು. ಆಮೇಲೂ ಹೋಗುತ್ತಿದ್ದ. ಯಾಕಪ್ಪಾ ಎಂದರೆ, “ಅವರು ಪೇಪರ್ ಮಡಚಿ ಇಟ್ಕೊಂಡು ಕಾಯ್ತಿರ್ತಾರೆ ಮಿಸ್” ಅಂದ. ತಾನು ಯಾರಿಗೋ ಸಹಾಯ ಮಾಡುತ್ತಿದ್ದೇನೆ ಎನ್ನುವ ಗತ್ತು ಅವನಲ್ಲಿ ಇರಲಿಲ್ಲ. ಬೈಸಿಕೊಳ್ಳುತ್ತಿದ್ದವನು ಅವನೇ ಅಲ್ವಾ!

ಶುರುವಾಗುವುದು ಒಳ್ಳೆಯ ಮನಸ್ಸಿನಿಂದಲೇ ಆಗಬೇಕೆಂದೇನಿಲ್ಲ. ಫ್ರೆಡೆರಿಕ್ ಓಝನಾಮ್ ಎಂಬ ಕಾಲೇಜು ಹುಡುಗನ ಕತೆ ಕೇಳಿ. 1833ರ ಪ್ಯಾರಿಸ್. ವಯಸ್ಸು 20. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಈತ ಚರ್ಚಿನ ಪರವಾಗಿ ಜೋರಾಗಿ ವಾದ ಮಾಡುತ್ತಿದ್ದ. ನಿಮ್ಮ ಚರ್ಚು ಹಿಂದೆ ಮಾಡಿದ್ದಿರಲಿ, ಈಗ ನೀವು ಏನು ಮಾಡುತ್ತಿದ್ದೀರಿ ಎಂದು ಎದುರಾಳಿ ಚುಚ್ಚಿದ. ಆ ಚುಚ್ಚುಮಾತೇ ಕಾರಣವಾಯಿತು. ಓಝನಾಮ್ ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳಿಗೆ ಹೊರಟ. ಯಾವ ಮನೆಗೆ ಹೋಗಬೇಕು, ಹೋದಾಗ ಹೇಗೆ ನಡೆದುಕೊಳ್ಳಬೇಕು ಎಂದು ಹೇಳಿಕೊಟ್ಟವರು ರೊಸಾಲಿ ರೆಂದು ಎಂಬ ಸಿಸ್ಟರ್. ಇವತ್ತು ಎಷ್ಟೋ ದೇಶಗಳಲ್ಲಿರುವ ವಿನ್ಸೆಂಟ್ ಡಿ ಪಾಲ್ ಸಂಘ ಹುಟ್ಟಿದ್ದು ಹೀಗೆ. ಮನೆಗೇ ಹೋಗಿ, ಕೂತು, ಮಾತಾಡಿ ಬರುವುದು ಈಗಲೂ ಆ ಸಂಘದ ಮುಖ್ಯ ಕೆಲಸ.

ಹಾಗಾಗಿ ಬಿಡಿಸುವ ಪತ್ರ ಬೇಡ, ಬೇರೆ ಪತ್ರ ಬರೆಯಿರಿ. ವರ್ಷವಿಡೀ ಒಂದೇ ಜಾಗಕ್ಕೆ ಕಳಿಸುತ್ತೀರಾ, ಜೊತೆಗೆ ದೊಡ್ಡವರು ಯಾರಿರುತ್ತಾರೆ, ಆಶ್ರಮದವರಿಗೆ ನಿಜಕ್ಕೂ ಇದು ಬೇಕಾಗಿದೆಯಾ, ಅಜ್ಜಿ ತಾತಂದಿರ ಫೋಟೊ ತೆಗೆದು ಬ್ಯಾನರಿಗೆ ಹಾಕುವುದಿಲ್ಲ ತಾನೇ – ಇವನ್ನು ಕೇಳಿ. ಫೋಟೊ ವಿಷಯದಲ್ಲಿ ನಾನು ಜಗಳಗಂಟಿ, ಎಷ್ಟೋ ಬ್ಯಾನರ್ ಇಳಿಸಿದ್ದೇನೆ. ಕೇಳಲು ಹಿಂಜರಿಯಬೇಡಿ. 1973ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಜೆಸ್ವಿಟರು ಎಂಬ ಕ್ಯಾಥೊಲಿಕ್ ಗುರುಗಳ ಸಂಘದ ಮುಖ್ಯಸ್ಥ ಪೆದ್ರೊ ಅರುಪೆ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳ ಎದುರು ನಿಂತು ಇದಕ್ಕಿಂತ ಕಷ್ಟದ ಪ್ರಶ್ನೆ ಎತ್ತಿದ್ದರು. ನ್ಯಾಯದ ಕೆಲಸಕ್ಕೆ ನಾವು ನಿಮ್ಮನ್ನು ತಯಾರು ಮಾಡಿದ್ದೇವೆಯೇ ಎಂದು ಕೇಳಿ, ಇಲ್ಲ ಎಂದು ತಾವೇ ಒಪ್ಪಿಕೊಂಡರು. ಮುಖ್ಯಸ್ಥರೇ ಹಾಗೆ ಕೇಳಿದ ಮೇಲೆ ತಾಯಿ ಕೇಳಿದರೆ ತಪ್ಪೇನು?

ಇನ್ನೊಂದು. ಈ ಶನಿವಾರ ಮಗ ಮನೆಗೆ ಬಂದಾಗ ಎಷ್ಟು ಗಂಟೆ ಆಯಿತು ಎನ್ನಬೇಡಿ. ಯಾರು ಸಿಕ್ಕಿದ್ದರು ಎಂದು ಕೇಳಿ.

ಪ್ರಶ್ನೆ: ಮಿಸ್, ನಾನು ಕ್ಯಾಥೊಲಿಕ್ ಅಲ್ಲ. ಈ ವರ್ಷ ಶಾಲಾ ನಾಯಕಿ ಆಗಿದ್ದೇನೆ. ಚರ್ಚಿನ ಬಲಿಪೂಜೆಯ (ಮಾಸ್) ದಿನ ಮುಂದಿನ ಬೆಂಚಿನಲ್ಲಿ ಕೂರಬೇಕು. ಎಲ್ಲರೂ ಪರಮಪ್ರಸಾದಕ್ಕೆ ಎದ್ದು ಹೋಗುವಾಗ ನಾನೊಬ್ಬಳೇ ಕೂತಿರುತ್ತೇನೆ. ತುಂಬಾ ಮುಜುಗರ. ನಾನೂ ಹೋಗಿ ತೆಗೆದುಕೊಂಡರೆ ಏನಾಗುತ್ತದೆ?
– ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ತೆಗೆದುಕೊಳ್ಳಬೇಡಮ್ಮ. ಅವರ ನಂಬಿಕೆಯಲ್ಲಿ ಅದು ಬರೀ ರೊಟ್ಟಿಯಲ್ಲ, ಕ್ರಿಸ್ತನ ದೇಹ. ಅವರ ಮಕ್ಕಳೇ ಪಾಠ ಕಲಿತು, ತಯಾರಾಗಿ ಮೊದಲ ಪರಮಪ್ರಸಾದ ಪಡೆಯುತ್ತಾರೆ. ನೀನು ಕೂತಿದ್ದರೆ ಅದು ಅಗೌರವವಲ್ಲ. ಮುಜುಗರಕ್ಕೆ ಎದ್ದು ಹೋಗುವುದೇ ಸರಿಯಲ್ಲ. ಕೆಲವು ಕಡೆ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಹೋದರೆ ಫಾದರ್ ಆಶೀರ್ವಾದ ಮಾತ್ರ ಕೊಡುತ್ತಾರೆ. ನಿಮ್ಮಲ್ಲಿ ಆ ರೂಢಿ ಇದೆಯೇ, ನಿನಗೆ ಇಷ್ಟವಿದೆಯೇ ನೋಡಿಕೋ. ಇಷ್ಟವಿಲ್ಲದಿದ್ದರೂ ಯಾರೂ ಒತ್ತಾಯ ಮಾಡುವಂತಿಲ್ಲ. ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಬಲವಂತ ಕೂಡದು ಎಂದು 1965ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆಯೇ ಬರೆದಿಟ್ಟಿದೆ.

ನಾನು ಅಷ್ಟೂ ವರ್ಷ ಕೂತೇ ಇದ್ದೆ. ಮೂರನೇ ಬೆಂಚು, ಗೋಡೆ ಪಕ್ಕ. ಮೊದಲೆರಡು ಸಲ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತ್ತು. ಯಾರೂ ನೋಡುತ್ತಿರಲಿಲ್ಲ.

ಪ್ರಶ್ನೆ: ನಮ್ಮ ವಿದ್ಯಾರ್ಥಿ ಸಂಘದಿಂದ ಪ್ರತಿ ವರ್ಷ ಕ್ರಿಸ್ಮಸ್‌ಗೆ ಮುಂಚೆ ಹಳೆ ಬಟ್ಟೆ ಕೂಡಿಸಿ ಹಂಚುತ್ತೇವೆ. ಹರಿದದ್ದೇ ಜಾಸ್ತಿ ಬರುತ್ತದೆ. ಒಳ್ಳೆಯದನ್ನೇ ತರುವಂತೆ ಮಾಡುವುದು ಹೇಗೆ?
– ಕಾರ್ಯದರ್ಶಿ, ಒಂಬತ್ತನೇ ತರಗತಿ

ಉತ್ತರ: ನಮ್ಮ ಡಬ್ಬಿಯಲ್ಲಿ ಒಮ್ಮೆ ಒಂಟಿ ಬೂಟು ಸಿಕ್ಕಿತ್ತು. ಎಡಗಾಲಿನದು. ಯಾರು ಯಾವ ಧೈರ್ಯದ ಮೇಲೆ ಹಾಕಿದರೋ!

ಪೋಸ್ಟರ್ ಅಂಟಿಸಿ ಪ್ರಯೋಜನವಿಲ್ಲ ಮರಿ. ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ. ಬಟ್ಟೆ ಬೇಕು ಎಂದು ನಿಮಗೆ ಹೇಳಿದವರು ಯಾರು? ಬೆಲ್ಜಿಯಂನಲ್ಲಿ ಜೋಸೆಫ್ ಕಾರ್ಡೈನ್ ಎಂಬ ಪಾದ್ರಿ ಇದ್ದರು. ಕಾರ್ಖಾನೆಗಳಲ್ಲಿ ದುಡಿಯುವ ಹುಡುಗ ಹುಡುಗಿಯರನ್ನು ಸಂಘಟಿಸಿದವರು. ಅವರು ಹೇಳಿಕೊಟ್ಟದ್ದು ಮೂರೇ ಮಾತು: ನೋಡು, ತೂಗಿ ನೋಡು, ಮಾಡು. ಎಷ್ಟೋ ಕ್ಯಾಥೊಲಿಕ್ ವಿದ್ಯಾರ್ಥಿ ಸಂಘಗಳು ಇವತ್ತಿಗೂ ಇದೇ ದಾರಿ ಹಿಡಿದಿವೆ. ನಾವೆಲ್ಲ ಮಾಡುವ ತಪ್ಪು ಏನೆಂದರೆ ನೇರವಾಗಿ ಮೂರನೆಯದಕ್ಕೆ ಹಾರುವುದು.

ಒಂಟಿ ಬೂಟಿನ ವರ್ಷ ನಮ್ಮ ಮಕ್ಕಳು ಡಬ್ಬಿ ಇಡುವ ಮೊದಲೇ ಬಟ್ಟೆ ಹಂಚುವ ಕಡೆ ಹೋಗಿ ಕೇಳಬೇಕಿತ್ತು, ಕೇಳಲಿಲ್ಲ. ಮರುವರ್ಷ ಕೇಳಿದರು. ಬಟ್ಟೆ ಬೇಡ, ಮನೆಯಲ್ಲಿ ಇಡಲು ಜಾಗವೇ ಇಲ್ಲ ಎಂದರಂತೆ ಅಲ್ಲಿನ ಹೆಂಗಸರು. ಅವರಿಗೆ ಬೇಕಾಗಿದ್ದದ್ದು ಅರ್ಜಿ ತುಂಬಿಕೊಡುವವರು. ಕಚೇರಿಗೆ ಹೋದಾಗಲೆಲ್ಲ ಒಂದೊಂದು ತಪ್ಪು ತೋರಿಸಿ ವಾಪಸ್ ಕಳಿಸುತ್ತಿದ್ದರಂತೆ. ಹತ್ತನೇ ತರಗತಿಯ ಐದು ಮಕ್ಕಳು ನಾಲ್ಕು ಭಾನುವಾರ ಪೆನ್ನು ಹಿಡಿದು ಹೋದರು. ಜೊತೆಗೆ ನಾನು, ಕನ್ನಡಕ ಮರೆತು. ಡಬ್ಬಿ ಆ ವರ್ಷ ಉಗ್ರಾಣದಲ್ಲೇ ಇತ್ತು.