ರಸಾಯನಶಾಸ್ತ್ರದಿಂದ ಮಿದುಳಿನ ಕಾಯಿಲೆಗಳ ಸಂಶೋಧನೆಗೆ

ಪ್ರಶ್ನೆ: ಸಾವಯವ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿದ್ದೇನೆ. ಅಲ್ಝೈಮರ್ ಕಾಯಿಲೆಯ ಕುರಿತು ಸಂಶೋಧನೆ ಮಾಡುವ ಆಸೆಯಿದೆ. ಇದಕ್ಕಾಗಿ ಜೀವವಿಜ್ಞಾನದಲ್ಲಿ ಇನ್ನೊಂದು ಪದವಿ ಪಡೆಯಬೇಕೇ?

ಉತ್ತರ: ಬೇಕಿಲ್ಲ. ಅರೆಬರೆ ಜೀವವಿಜ್ಞಾನಿಯಾಗುವುದಕ್ಕಿಂತ ಗಟ್ಟಿ ರಸಾಯನಶಾಸ್ತ್ರಜ್ಞರಾಗಿಯೇ ಈ ಕ್ಷೇತ್ರವನ್ನು ಪ್ರವೇಶಿಸುವುದು ಮೇಲು. ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನನ್ನು ಬಹುಕಾಲ ಖಚಿತವಾಗಿ ಕಾಣಲು ಸಾಧ್ಯವಾಗುತ್ತಿದ್ದುದು ಮರಣಾನಂತರ, ಮಿದುಳಿನ ತೆಳುವಾದ ಪದರಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಅಂಥ ಬಣ್ಣಗಳಲ್ಲೊಂದಾದ ಥಯೋಫ್ಲೇವಿನ್-ಟಿ ಧನ ವಿದ್ಯುದಂಶವುಳ್ಳದ್ದು; ಆದ್ದರಿಂದ ಅದು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಸುಲಭವಾಗಿ ದಾಟಲಾರದು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮನೋವೈದ್ಯ ವಿಲಿಯಂ ಕ್ಲಂಕ್ ಮತ್ತು ರಸಾಯನಶಾಸ್ತ್ರಜ್ಞ ಚೆಸ್ಟರ್ ಮ್ಯಾಥಿಸ್ ಆ ವಿದ್ಯುದಂಶವಿಲ್ಲದ ರೂಪವೊಂದನ್ನು ರಚಿಸಿ, ಅದಕ್ಕೆ ವಿಕಿರಣಶೀಲ ಕಾರ್ಬನ್-11 ಅನ್ನು ಜೋಡಿಸಿ, ಬದುಕಿರುವವರ ಮಿದುಳಿನಲ್ಲಿಯೇ ಅಮಿಲಾಯ್ಡ್ ಅನ್ನು ಪೆಟ್ ಸ್ಕ್ಯಾನ್ (ದೇಹದೊಳಗಿನ ವಿಕಿರಣಶೀಲ ಅಣುಗಳ ಜಾಡು ಹಿಡಿದು ಚಿತ್ರ ತೆಗೆಯುವ ವಿಧಾನ) ಮೂಲಕ ಕಾಣಿಸಿದರು. ಆ ಫಲಿತಾಂಶ ಪ್ರಕಟವಾದದ್ದು 2004ರಲ್ಲಿ. ಕಾರ್ಬನ್-11ರ ಅರ್ಧಾಯುಷ್ಯ ಸುಮಾರು 20 ನಿಮಿಷ, ಅಂದರೆ ಅಷ್ಟರಲ್ಲಿ ಅದರ ಅರ್ಧದಷ್ಟು ಕ್ಷಯಿಸಿಬಿಡುತ್ತದೆ. ಸಂಶ್ಲೇಷಣೆ, ಶುದ್ಧೀಕರಣ, ಗುಣಮಟ್ಟದ ಪರೀಕ್ಷೆ ಎಲ್ಲವನ್ನೂ ಆ ಅವಸರದಲ್ಲಿ ಮುಗಿಸಬೇಕಾದದ್ದು ಅಪ್ಪಟ ರಸಾಯನಶಾಸ್ತ್ರದ ಕೆಲಸವೇ ತಾನೆ?

ಆದರೆ ಚಿತ್ರ ಸಿಕ್ಕಿದ ಮಾತ್ರಕ್ಕೆ ರೋಗ ಅರ್ಥವಾಗಲಿಲ್ಲ. ನೆನಪಿನ ಶಕ್ತಿ ಚೆನ್ನಾಗಿಯೇ ಇರುವ ಹಲವು ವೃದ್ಧರಲ್ಲಿಯೂ ಅಮಿಲಾಯ್ಡ್ ಕಾಣಿಸಿತು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್ ಔಷಧಿ ಅಮಿಲಾಯ್ಡ್ ಅನ್ನು ಕಡಿಮೆ ಮಾಡುತ್ತದೆ, ರೋಗದ ಬೆಳವಣಿಗೆಯನ್ನು ಸ್ವಲ್ಪ ನಿಧಾನಿಸುತ್ತದೆ, ಆದರೆ ನಿಲ್ಲಿಸುವುದಿಲ್ಲ. ಇಂಥ ಒಗಟುಗಳನ್ನು ನರವಿಜ್ಞಾನಿ, ವೈದ್ಯ, ಸಂಖ್ಯಾಶಾಸ್ತ್ರಜ್ಞರ ಜತೆಗೂಡದೆ ಬಿಡಿಸಲಾಗದು.

ಆದ್ದರಿಂದ ಪ್ರೋಟೀನುಗಳ ಮಡಿಕೆ, ನರಕೋಶದ ಮೂಲಪಾಠ, ಔಷಧಿ ದೇಹದಲ್ಲಿ ಸಾಗುವ ಬಗೆ, ಒಂದಿಷ್ಟು ಸಂಖ್ಯಾಶಾಸ್ತ್ರ, ಇವನ್ನು ಓದಿಕೊಳ್ಳಿ; ಸಾಧ್ಯವಾದರೆ ಕೆಲವು ತಿಂಗಳು ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿ. ನಿಮ್ಮ ಸಂಶಯಪ್ರವೃತ್ತಿಯನ್ನಂತೂ ಬಿಡಬೇಡಿ. ಪ್ರನಾಳದಲ್ಲಿ ಅಮಿಲಾಯ್ಡ್ ಅಳೆಯಲು ಇಂದಿಗೂ ಅದಕ್ಕೆ ಅಂಟಿಕೊಂಡಾಗ ಥಯೋಫ್ಲೇವಿನ್-ಟಿ ಹೊಮ್ಮಿಸುವ ಬೆಳಕನ್ನೇ ಬಳಸುತ್ತಾರೆ. ಔಷಧಿಯಾದೀತೆಂದು ಪರೀಕ್ಷಿಸುತ್ತಿರುವ ಗಾಢ ಬಣ್ಣದ ಅಣುವೊಂದು ಆ ಬೆಳಕನ್ನು ಹೀರಿಕೊಂಡರೂ ಅಮಿಲಾಯ್ಡ್ ಕರಗಿದಂತೆಯೇ ತೋರುತ್ತದೆ. ಇದನ್ನು ಮೊದಲು ಗುರುತಿಸಬೇಕಾದವರು ನೀವೇ.

ಪಿಎಚ್.ಡಿ.ಗೆ ಸೇರುವಾಗ ರಸಾಯನಶಾಸ್ತ್ರದವರೊಬ್ಬರು, ನರವಿಜ್ಞಾನದವರೊಬ್ಬರು ಜಂಟಿಯಾಗಿ ಮಾರ್ಗದರ್ಶನ ನೀಡುವ ಕಡೆಗೆ ಅರ್ಜಿ ಹಾಕಿ. ನೀವು ತಯಾರಿಸುವ ಅಣುವನ್ನು ಜೀವಕೋಶಗಳ ಮೇಲೆ ಯಾರು ಪರೀಕ್ಷಿಸುತ್ತಾರೆ, ಆಗ ನೀವೂ ಅಲ್ಲಿರಬಹುದೇ ಎಂಬುದನ್ನು ಸಂದರ್ಶನದಲ್ಲಿಯೇ ಕೇಳಿ ತಿಳಿದುಕೊಳ್ಳಿ.