ಹಳೆ 407, ಎಡಗಿವಿಯ ಗದ್ದಲ

ಪ್ರಶ್ನೆ: ಕಾಕಾ, ನಮಸ್ಕಾರ. ನನ್ನದು 2006ರ ಟಾಟಾ 407, ಟರ್ಬೊ ಇಂಜಿನ್. ಚಿತ್ತಾಪುರ ಕಡೆಯಿಂದ ಕಲಬುರಗಿಯ ನೆಹರು ಗಂಜ್‌ಗೆ ತೊಗರಿ, ಕಡಲೆ ಸಾಗಿಸುತ್ತೇನೆ. ಸೀಜನ್‌ನಲ್ಲಿ ದಿನಕ್ಕೆ ಎರಡು ಟ್ರಿಪ್. ಇಂಜಿನ್ ಸದ್ದು ಪಕ್ಕದಲ್ಲೇ ಕೂತು ಬೈದ ಹಾಗೆ ಇರುತ್ತದೆ. ರಾತ್ರಿ ಮಲಗಿದರೂ ಎಡಗಿವಿಯಲ್ಲಿ ಗುಂಯ್ ಅನ್ನುತ್ತದೆ. ಫೋನ್ ಬಂದರೆ ಬಲಗಿವಿಗೇ ಹಿಡಿಯುತ್ತೇನೆ. ಬಾನೆಟ್ ಒಳಗೆ ಏನಾದರೂ ಹಚ್ಚಿದರೆ ಸದ್ದು ಇಳಿಯುತ್ತೆ ಅಂತಾರೆ. ಮಾಳಿಗೆ ಸೋರದಂತೆ ಹಚ್ಚುವ ಡಾಂಬರ್ ಶೀಟ್ ಮನೆಯಲ್ಲಿ ಉಳಿದಿದೆ. ಅದನ್ನೇ ಹಚ್ಚಬಹುದಾ?
(ಓದುಗರು, ಚಿತ್ತಾಪುರ)

ಉತ್ತರ: ತಮ್ಮಾ, ಡಾಂಬರ್ ಶೀಟ್ ಮಾತ್ರ ಹಚ್ಚಬೇಡಿ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಿವಿ.

407ರಲ್ಲಿ ಇಂಜಿನ್ನಿನ ಹಿಂಭಾಗ ಕ್ಯಾಬಿನ್ ಒಳಗೇ ಬರುತ್ತದೆ, ಅದೂ ಡ್ರೈವರ್‌ನ ಎಡಕ್ಕೆ. ನಮ್ಮ ಅಪ್ಪ ಲಾರಿ ಓಡಿಸುತ್ತಿದ್ದರು. ಕೊನೆಕೊನೆಗೆ ಅವ್ವ ಎಡಗಡೆ ಕೂತು ಮಾತಾಡಿದರೆ ಅವರಿಗೆ ಕೇಳುತ್ತಲೇ ಇರಲಿಲ್ಲ. ಆಗ ಅದನ್ನು ವಯಸ್ಸು ಅಂದುಕೊಂಡೆವು. ವಯಸ್ಸಾಗಿರಲಿಲ್ಲ, ಐವತ್ತೆರಡು ಅಷ್ಟೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೇಳಬಾರದು ಅಂತಾರೆ. ಸದ್ದು ಮೂರು ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ ಎರಡೇ ಗಂಟೆ. ಹೋದ ಕಿವಿ ವಾಪಸ್ ಬರುವುದಿಲ್ಲ. ಮುಂದಿನ ಸಲ ಗಂಜ್‌ನಲ್ಲಿ ಮಾಲು ಇಳಿಸುವ ಹೊತ್ತಿಗೆ ಜಿಮ್ಸ್ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋಗಿ ತೋರಿಸಿ. ಇದನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಈಗ ಗಾಡಿ. ಈ ಸದ್ದು ಮೊದಲಿನಿಂದ ಇದೆಯೋ, ಇತ್ತೀಚೆಗೆ ಏರಿದೆಯೋ? ಇತ್ತೀಚಿನದಾದರೆ ಅದು ಗಾಡಿಯ ದೂರು. ಅದರ ಬಾಯಿಗೆ ಬಟ್ಟೆ ತುರುಕಬಾರದು. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮೇಲಿನ ಸಂದಿ, ನೋಡಿಸಿ. ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಚೆಕ್ ಮಾಡಿಸಿ. ಡೀಸೆಲ್ ಮಂಜಿನ ಹಾಗೆ ಚಿಮ್ಮಬೇಕು, ಹನಿ ಹಾಕಿದರೆ ಇಂಜಿನ್ ಕಟಕಟ ಅನ್ನುತ್ತದೆ. ಇಂಜಿನ್ ಮೌಂಟಿಂಗ್ ರಬ್ಬರ್ ಕುಸಿದಿದ್ದರೆ ನಡುಕವೆಲ್ಲ ಚಾಸಿಗೆ ಇಳಿದು ಸೀಟಿನವರೆಗೆ ಬರುತ್ತದೆ, ಅದಕ್ಕೆ ಯಾವ ಫೋಮ್ ಹಚ್ಚಿದರೂ ಉಪಯೋಗವಿಲ್ಲ. ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಹೊರಡುವ ಕೊಳವೆ) ಗ್ಯಾಸ್ಕೆಟ್ ಸೋರಿದರೆ ಚಸ್ ಚಸ್ ಅಂತ ಬೇರೆಯೇ ಸದ್ದು, ಜೊತೆಗೆ ಹೊಗೆಯೂ ಒಳಗೆ ಬರುತ್ತದೆ. ಆಯಿಲ್, ಡೀಸೆಲ್ ಒಸರುತ್ತಿದ್ದರೆ ಅದನ್ನು ನಿಲ್ಲಿಸುವ ತನಕ ಬಾನೆಟ್‌ಗೆ ಏನೂ ಹಚ್ಚಬೇಡಿ. ಆಯಿಲ್ ಕುಡಿದ ಫೆಲ್ಟ್ ದೀಪದ ಬತ್ತಿ ಇದ್ದ ಹಾಗೆ. ನಮ್ಮ ಕಡೆ ಇಂಜಿನ್ ಕವರ್ ಮೇಲೆ ಕೌದಿ ಮಡಚಿ ಹಾಸುತ್ತಾರಲ್ವಾ, ಅದಕ್ಕೂ ಇದೇ ಮಾತು. ಪದರ ಪದರ ಬಟ್ಟೆ ಸದ್ದನ್ನು ನಿಜವಾಗಿಯೂ ಸ್ವಲ್ಪ ಹೀರುತ್ತದೆ. ಆದರೆ ಆಯಿಲ್ ಕೈ ಒರೆಸಿ ಒರೆಸಿ ಕಪ್ಪಾದ ಕೌದಿಯನ್ನು ಇವತ್ತೇ ತೆಗೆಯಿರಿ.

ಇಂಜಿನ್ ಚೆನ್ನಾಗಿದ್ದರೆ, ಸದ್ದು ಬರುವ ದಾರಿ ಹುಡುಕಬೇಕು. ಇದಕ್ಕೆ ದುಡ್ಡು ಬೇಡ. ಕತ್ತಲಾದ ಮೇಲೆ ಇಂಜಿನ್ ಬಂದ್ ಮಾಡಿ, ಒಂದು ಟಾರ್ಚ್ ಹಚ್ಚಿ ಇಂಜಿನ್ ಪಕ್ಕ ಇಡಿ. ಬಾನೆಟ್ ಮುಚ್ಚಿ. ಕ್ಯಾಬಿನ್ ಒಳಗೆ ಬಂದು ಬಾಗಿಲು ಹಾಕಿಕೊಂಡು, ಪೆಡಲ್‌ಗಳ ಹತ್ತಿರ ತಲೆ ಬಗ್ಗಿಸಿ ಎರಡು ನಿಮಿಷ ಸುಮ್ನೆ ನೋಡಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಒಂದೊಂದೇ ಬೆಳಕಿನ ಚುಕ್ಕೆ ಕಾಣುತ್ತದೆ. ವೈರಿಂಗ್ ಬರುವ ತೂತಿನ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಒಡೆದಿರುತ್ತದೆ. ಆಕ್ಸಲರೇಟರ್ ಕೇಬಲ್ ಸುತ್ತ ಸಂದಿ ಇರುತ್ತದೆ. ಗೇರ್ ಲಿವರ್‌ನ ರಬ್ಬರ್ ಬೂಟ್ ಹರಿದು ಅದರ ಬುಡದಲ್ಲಿ ಬೆಳಕು ಉಂಗುರದ ಹಾಗೆ ಕಾಣುತ್ತದೆ. ಇಂಜಿನ್ ಕವರ್‌ನ ಬೀಡಿಂಗ್ ರಬ್ಬರ್ ಒಣಗಿ ಒಂದು ಬದಿ ಪೂರ್ತಿ ಗೆರೆ ಎಳೆದ ಹಾಗೆ ಹೊಳೆಯುತ್ತದೆ. ಬೆಳಕು ಬಂದಲ್ಲೆಲ್ಲ ಸದ್ದೂ ಬರುತ್ತದೆ. ತಗಡು ಎಷ್ಟೇ ದಪ್ಪ ಇರಲಿ, ಅದರಲ್ಲಿ ನೂರಕ್ಕೆ ಒಂದು ಪಾಲು ತೂತಿದ್ದರೆ ಅದು ತಡೆಯುವುದು ಹೆಚ್ಚೆಂದರೆ 20 ಡೆಸಿಬಲ್. ಅದಕ್ಕೇ ನಾನು ಯಾರೇ ಬಂದರೂ ಮೊದಲು ಗ್ರಾಮೆಟ್, ಬೂಟ್, ಬೀಡಿಂಗ್ ಬದಲಾಯಿಸುತ್ತೇನೆ. ಎಷ್ಟೋ ಜನ ಅಷ್ಟಕ್ಕೇ ಸಾಕು ಅಂದು ಹೋಗಿದ್ದಾರೆ. ಮೇ ತಿಂಗಳಲ್ಲಿ ಕಾಲಿಗೆ ಬಡಿಯುವ ಬಿಸಿ ಗಾಳಿಯೂ ನಿಲ್ಲುತ್ತದೆ.

ಆಮೇಲೆ ಇಂಜಿನ್ ಕವರ್, ಕಾಲ ಕೆಳಗಿನ ತಗಡು. ಬೆರಳಿನಿಂದ ಬಡಿದು ನೋಡಿ. ಟಣ್ ಅಂದರೆ ಅದೂ ನಡುಗಿ ಸದ್ದು ಮಾಡುತ್ತಿದೆ ಅಂತ ಅರ್ಥ. ಅಲ್ಲಿಗೆ ಕ್ಯಾಬಿನ್ ಒಳಬದಿಯಿಂದ ಬ್ಯುಟೈಲ್ ರಬ್ಬರ್ ಶೀಟ್ ಹಚ್ಚಿ, ಎರಡು ಮಿಲಿಮೀಟರ್ ದಪ್ಪದ್ದು. ತಗಡಿನ ತುಂಬ ಹಚ್ಚಬೇಕಿಲ್ಲ, ನಡುವೆ ಕಾಲು ಭಾಗ ಹಚ್ಚಿದರೂ ಟಣ್ ಹೋಗಿ ಡಬ್ ಆಗುತ್ತದೆ. ಇದೇ ಶೀಟ್ ಅಂತ ಹೇಳಿ ಡಾಂಬರಿನದ್ದನ್ನೂ ಮಾರುತ್ತಾರೆ. ಮೂಸಿ ನೋಡಿ, ಹೊಸ ರಸ್ತೆಯ ವಾಸನೆ ಬಂದರೆ ಬೇಡ.

ಹದಿನೈದು ವರ್ಷದ ಹಿಂದೆ ನನ್ನ ತಮ್ಮನ ಗಾಡಿಗೆ ನಾನೇ ಮಾಳಿಗೆಯ ಡಾಂಬರ್ ಶೀಟ್ ಹಚ್ಚಿದ್ದೆ. ಡಿಸೆಂಬರ್‌ನಲ್ಲಿ ಗಟ್ಟಿಯಾಗಿ ಹಿಡಿದಿತ್ತು. ಮೇನಲ್ಲಿ ಜೇವರ್ಗಿ ದಾರಿಯಲ್ಲಿ ಮೆತ್ತಗಾಗಿ ಜಾರಿ, ಸೀದಾ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿತ್ತು. ಕ್ಯಾಬಿನ್ ತುಂಬ ಕಪ್ಪು ಹೊಗೆ. ತಮ್ಮ ಗಾಡಿ ನಿಲ್ಲಿಸಿ, ನೀರಿನ ಕ್ಯಾನ್ ಹಿಡಿದು ಇಳಿದು ಓಡಿದ. ಅವತ್ತು ಹೊರಗೆ 44 ಡಿಗ್ರಿ ಬಿಸಿಲು. ಬಾನೆಟ್ ಒಳಗಿನ ಬಿಸಿ ಎಷ್ಟಿರಬಹುದು ಅಂತ ನಾನು ಯೋಚಿಸಬೇಕಿತ್ತು. ಅವನಿಗೆ ಏನಾದರೂ ಆಗಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನೀವು ಶೀಟ್ ವಿಷಯ ಬರೆದದ್ದು ಓದಿದ ಕೂಡಲೇ ಉತ್ತರ ಬರೆಯಲು ಕೂತದ್ದು ಇದಕ್ಕೇ.

ಬಾನೆಟ್ ಪ್ಯಾಡ್ ಕೊನೆಗೆ. ಒಂದು ಮುಖಕ್ಕೆ ಅಲ್ಯೂಮಿನಿಯಂ ಫಾಯಿಲ್ ಇರುವ, ವಾಹನಕ್ಕೆಂದೇ ಮಾಡಿದ ಫೆಲ್ಟ್ ಪ್ಯಾಡ್ ತನ್ನಿ. ಫಾಯಿಲ್ ಇಂಜಿನ್ ಕಡೆಗೆ ಇರಬೇಕು. ಸೋಫಾ ಸ್ಪಂಜ್, ಥರ್ಮಾಕೋಲ್, ಗೋಣಿಚೀಲ ಯಾವುದೂ ಬೇಡ. ತರುವ ಮೊದಲು ಬೆರಳಗಲದ ತುಂಡು ಕೇಳಿ, ಬಯಲಿನಲ್ಲಿ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಕಡ್ಡಿ ತೆಗೆದ ಕೂಡಲೇ ಆರಬೇಕು. ಉರಿಯುತ್ತಾ ಹನಿ ಹನಿ ಬಿದ್ದರೆ ಅಂಗಡಿಯವರಿಗೇ ವಾಪಸ್ ಕೊಡಿ.

ಜಾಗ ಎಷ್ಟಿದೆ ಅಂತ ತಿಳಿಯಲು ಮನೆಯಲ್ಲಿ ಚಪಾತಿ ಹಿಟ್ಟು ಕೇಳಿ. ಜೋಳದ ಹಿಟ್ಟು ಬಿರಿಯುತ್ತದೆ, ಗೋಧಿಯದೇ ಬೇಕು. ಇಂಜಿನ್ ತಣ್ಣಗಿರುವಾಗ ಎತ್ತರದ ಜಾಗಗಳ ಮೇಲೆ ನಿಂಬೆ ಗಾತ್ರದ ಉಂಡೆ ಇಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಬಾನೆಟ್ ಪೂರ್ತಿ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮಗಿರುವ ಜಾಗ. 25 ಮಿಲಿಮೀಟರ್ ಉಳಿದಿದ್ದರೆ 10 ಮಿಲಿಮೀಟರ್ ಪ್ಯಾಡ್ ಹಚ್ಚಬಹುದು. ಇಂಜಿನ್ ನಡುಗುತ್ತದಲ್ವಾ, ಅದಕ್ಕೂ ಜಾಗ ಬೇಕು. ಆಮೇಲೆ ಉಂಡೆ, ಪ್ಲಾಸ್ಟಿಕ್ ಎಲ್ಲ ಎಣಿಸಿ ಹೊರತೆಗೆಯಿರಿ.

ಬಾನೆಟ್ ಒಳಮೈಯನ್ನು ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಥಿನ್ನರ್ ಬಟ್ಟೆಯಿಂದ ಒರೆಸಿ. ಎರೆಮಣ್ಣಿನ ಧೂಳು ಒಂದು ಪದರ ಉಳಿದರೂ ಅಂಟು ಧೂಳಿಗೆ ಹಿಡಿಯುತ್ತದೆ, ತಗಡಿಗಲ್ಲ. ಬಿಸಿ ತಡೆಯುವ ಅಂಟೇ ಬಳಸಿ. ಆದರೆ ಬರೀ ಅಂಟನ್ನು ನಂಬಬೇಡಿ, ಕ್ಲಿಪ್ ಅಥವಾ ಅಗಲ ವಾಷರ್ ಹಾಕಿದ ಸ್ಕ್ರೂ ಜೊತೆಗಿರಲಿ. ಲಾಕ್, ಕೀಲು, ನೀರು ಇಳಿಯುವ ತೂತು ಬಿಟ್ಟು ಕತ್ತರಿಸಿ. ಫ್ಯಾನ್, ಬೆಲ್ಟ್, ಟರ್ಬೊ ಹತ್ತಿರ ಅಂಚು ಜೋಲಬಾರದು. ಕತ್ತರಿಸಿದ ಅಂಚಿಗೆಲ್ಲ ಫಾಯಿಲ್ ಟೇಪ್ ಸುತ್ತಿ, ಇಲ್ಲದಿದ್ದರೆ ಮಳೆ ನೀರು ಕುಡಿದು ಬಾನೆಟ್ ತುಕ್ಕು ಹಿಡಿಯುತ್ತದೆ. ತೊಗರಿ ಗಾಡಿಗೆ ಇಲಿ ತಪ್ಪಿದ್ದಲ್ಲ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಪ್ಯಾಡ್ ಕಡಿದಿದೆಯಾ ಅಂತ ನೋಡಿ.

ಪ್ಯಾಡ್ ಒಂದರಿಂದಲೇ ಕ್ಯಾಬಿನ್ ಒಳಗೆ ಇಳಿಯುವುದು ಎರಡು ಮೂರು ಡೆಸಿಬಲ್ ಇದ್ದೀತು. ಹೊರಗೆ ನಿಂತವರಿಗೆ ಜಾಸ್ತಿ ಗೊತ್ತಾಗುತ್ತದೆ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ವಾ, ಮೂರು ಇಳಿದರೂ ನಿಮ್ಮ ಕಿವಿಗೆ ದುಪ್ಪಟ್ಟು ಹೊತ್ತು ಸಿಗುತ್ತದೆ. ಪ್ರತಿ ಹಂತದ ಮುಂಚೆ, ಆಮೇಲೆ, ಅದೇ ರಸ್ತೆ, ಅದೇ ಗೇರ್, ಅದೇ ಸ್ಪೀಡ್‌ನಲ್ಲಿ ಪಕ್ಕದವರ ಕೈಗೆ ಫೋನ್ ಕೊಟ್ಟು ಸದ್ದು ಅಳೆಯುವ ಆ್ಯಪ್‌ನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬಾನೆಟ್‌ಗೆ ಪ್ಯಾಡ್ ಹಚ್ಚಿದರೆ ಬೇಸಿಗೆಯಲ್ಲಿ ಇಂಜಿನ್ ಹೀಟ್ ಆಗುವುದಿಲ್ಲವೇ?
(ಓದುಗರು, ಶಹಾಪುರ)

ಉತ್ತರ: ಇಲ್ಲ. ಇಂಜಿನ್ನಿನ ಬಿಸಿ ಹೋಗುವುದು ಮುಖ್ಯವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ. ಗಾಳಿ ಬರುವ, ಹೋಗುವ ಸಂದಿ ಮುಚ್ಚದಿದ್ದರೆ ಸಾಕು. ಹೀಟ್ ಏರಿದರೆ ರೇಡಿಯೇಟರ್ ನೋಡಿ. ನಮ್ಮ ಭಾಗದಲ್ಲಿ ಅದರ ಸಂದಿಗಳಲ್ಲಿ ಹೊಟ್ಟು ತುಂಬಿರುತ್ತದೆ.

ಪ್ರಶ್ನೆ: ಚಳಿಗಾಲದ ಬೆಳಿಗ್ಗೆ ನನ್ನ ಪಿಕಪ್ ಹತ್ತು ನಿಮಿಷ ಕಟಕಟ ಅನ್ನುತ್ತದೆ. ಇದಕ್ಕೂ ಪ್ಯಾಡ್ ಬೇಕೇ?
(ಓದುಗರು, ಬೀದರ್)

ಉತ್ತರ: ಬೇಡ. ತಣ್ಣಗಿನ ಇಂಜಿನ್‌ನಲ್ಲಿ ಡೀಸೆಲ್ ಬೆಂಕಿ ಹಿಡಿಯಲು ಸ್ವಲ್ಪ ತಡವಾಗುತ್ತದೆ. ಅಷ್ಟರಲ್ಲಿ ಸೇರಿದ ಡೀಸೆಲ್ ಒಮ್ಮೆಲೇ ಹೊತ್ತಿಕೊಂಡು ಆ ಸದ್ದು ಬರುತ್ತದೆ. ಬೀದರ್ ಚಳಿಗೆ ಅದು ಸಹಜ. ಆಕ್ಸಲರೇಟರ್ ಒತ್ತಿ ಕಾಯಿಸಬೇಡಿ, ಒಂದೆರಡು ನಿಮಿಷ ಐಡಲ್ ಬಿಟ್ಟು ನಿಧಾನಕ್ಕೆ ಹೊರಡಿ. ಕಾದ ಮೇಲೂ ಸದ್ದು ಇಳಿಯದಿದ್ದರೆ ನಾಝಲ್ ಚೆಕ್ ಮಾಡಿಸಿ.