ಪಾಸ್‌ಪೋರ್ಟ್ ಪಟದ ಮೇಲೆ ಚುಟುಕ ಬರೆಯುವುದು ಹೇಗೆ?

ಪಾಸ್‌ಪೋರ್ಟಿನಲ್ಲಿ ನಿಮ್ಮ ಪಟ ಕೆಟ್ಟದಾಗಿ ಬಂದಿದೆ, ಆ ಬೇಸರವನ್ನು ಚುಟುಕವಾಗಿಸಲು ಹೊರಟರೆ ಎರಡು ಸಾಲಿಗೇ ನಿಂತುಹೋಗುತ್ತದೆ, ಮುಂದೇನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಸಾಲಿನಲ್ಲಿ ಕಳ್ಳನಿದ್ದಾನೆ, ಎರಡನೆಯದರಲ್ಲಿ ದೆವ್ವವಿದೆ. ಇಬ್ಬರನ್ನೂ ಕಳುಹಿಸಿಬಿಡಿ. ಮುಖವನ್ನು ಹಳಿಯುತ್ತ ಕೂತರೆ ಎರಡು ಸಾಲಿನಲ್ಲಿ ಮಾತು ಮುಗಿದೇ ಹೋಗುತ್ತದೆ. ಸರಕೆಲ್ಲ ಇರುವುದು ಆ ಪಟ ತೆಗೆಯುವ ಕಟ್ಟುಪಾಡಿನಲ್ಲಿ.

ಉಡುಪಿಯವಳಾದ ನನಗೆ ಈ ವಿಷಯ ತೀರ ಹತ್ತಿರದ್ದು. ನಮ್ಮ ಜಿಲ್ಲೆಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಕೊಲ್ಲಿ ದೇಶಗಳಲ್ಲಿ ದುಡಿಯುವವರಿಲ್ಲದ ಊರು ಹುಡುಕಿದರೂ ಸಿಗದು. ಪಾಸ್‌ಪೋರ್ಟ್ ಕಪಾಟಿನ ಒಳಖಾನೆಯಲ್ಲಿ ಚಿನ್ನದ ಪಕ್ಕದಲ್ಲೇ ಇರುತ್ತದೆ. ಅದರಲ್ಲಿನ ಪಟ ಸ್ಟುಡಿಯೋದ್ದಲ್ಲ. ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲೇ, ಬೆರಳಚ್ಚು ಕೊಡುವಾಗ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಮನೆಯಿಂದ ಪಟ ಒಯ್ಯಬೇಕು. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ ಬಸ್ ಇಳಿದು ಬಂದವರ ಹಣೆ ಹೊಳೆಯುತ್ತಿರುತ್ತದೆ, ಬೆಳಿಗ್ಗೆ ಬಾಚಿದ ಕೂದಲು ಕಿವಿಗೆ ಅಂಟಿರುತ್ತದೆ. ಕನ್ನಡಕ ತೆಗೆಯಿರಿ ಎನ್ನುತ್ತಾರೆ. ತೆಗೆದರೆ ಮೂಗಿನ ಎರಡೂ ಬದಿಯಲ್ಲಿ ಎರಡು ಕೆಂಪು ಗುಳಿಗಳು ಹಾಗೆಯೇ ಉಳಿದಿರುತ್ತವೆ. ನೋಡಿ, ಈ ಗುಳಿಗಳ ಮೇಲೆ ಒಂದು ಒಳ್ಳೆಯ ಚುಟುಕ ಬರೆಯಬಹುದು.

ಎಲ್ಲಕ್ಕಿಂತ ದೊಡ್ಡ ಸಂಕಟ ನಗಬಾರದು ಎಂಬುದು. ಯಂತ್ರ ಮುಖವನ್ನು ಗುರುತಿಸುವುದು ಕಣ್ಣು, ಮೂಗು, ಬಾಯಿಗಳ ಅಂತರವನ್ನು ಅಳೆದು. ನಕ್ಕರೆ ಕೆನ್ನೆ ಏರುತ್ತದೆ, ತುಟಿ ಅಗಲವಾಗುತ್ತದೆ, ಲೆಕ್ಕ ತಪ್ಪುತ್ತದೆ. ಪಟ ನಮಗೆ ಕೆಟ್ಟದಾಗಿ ಕಾಣಲು ಇನ್ನೊಂದು ಕಾರಣವೂ ಇದೆ: ನಮಗೆ ರೂಢಿಯಿರುವುದು ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖ, ಪಟದಲ್ಲಿ ಬರುವುದು ಉಳಿದವರು ಕಾಣುವ ಮುಖ. ಬೇಸರ ಹುಟ್ಟುವ ಜಾಗ ತಿಳಿದರೆ ಮೂರನೆಯ ಸಾಲು ತಾನಾಗಿ ಬರುತ್ತದೆ. ನಾನು ಬರೆದದ್ದು ಹೀಗಿದೆ:

ನಗಬೇಡಿ ಎಂದಾಗ ನಗಲಿಲ್ಲ ನಾನು;
ಹಾಗೆಂದ ಮಾತ್ರಕ್ಕೆ ಈ ಮುಖವೆ ಏನು?
ತೆಗೆಯಲಿಕೆ ಹಿಡಿದದ್ದು ಅರೆಗಳಿಗೆ ಹೊತ್ತು;
ಈ ಪಟವು ಉಳಿಯುವುದು ವರ್ಷಗಳು ಹತ್ತು!

ದೊಡ್ಡವರ ಪಾಸ್‌ಪೋರ್ಟಿನ ಅವಧಿ 10 ವರ್ಷ. ಕೊನೆಯ ಸಾಲು ನಿಂತಿರುವುದು ಅದರ ಮೇಲೆಯೇ. ಅದನ್ನು ಮೊದಲೇ ಹೇಳಿಬಿಟ್ಟಿದ್ದರೆ ಉಳಿದ ಮೂರು ಸಾಲಿಗೆ ಕೆಲಸವೇ ಇರುತ್ತಿರಲಿಲ್ಲ. ಆದ್ದರಿಂದ ನಾಲ್ಕನೆಯ ಸಾಲನ್ನು ಮೊದಲು ಬರೆದುಕೊಂಡು, ಮೇಲಿನವನ್ನು ಆಮೇಲೆ ಕಟ್ಟಿ. ಹತ್ತು ಎಂಬುದಕ್ಕೆ ಹೊತ್ತು, ಗೊತ್ತು, ಮುತ್ತು, ಕುತ್ತು ಎಂದು ಬೇಕಾದಷ್ಟು ಪ್ರಾಸಗಳಿವೆ. ಪಾಸ್‌ಪೋರ್ಟ್ ಎಂಬುದನ್ನು ಮಾತ್ರ ಸಾಲಿನ ಕೊನೆಗೆ ಇಡಬೇಡಿ. ಕೋರ್ಟು, ರಿಪೋರ್ಟುಗಳ ಹಿಂದೆ ಅಲೆಯಬೇಕಾಗುತ್ತದೆ.

ಲಯವನ್ನೂ ನೋಡಿಕೊಳ್ಳಿ. ಕವಿ ದಿನಕರ ದೇಸಾಯಿಯವರು ಮನೆಮಾತಾಗಿಸಿದ ಚೌಪದಿಯ ದಾರಿ ಇದು: ನಾಲ್ಕು ಸಾಲು, ಎರಡೆರಡಕ್ಕೆ ಒಂದು ಪ್ರಾಸ. "ನಗಬೇಡಿ / ಎಂದಾಗ / ನಗಲಿಲ್ಲ" ಎಂದು ಐದೈದು ಮಾತ್ರೆಗಳ (ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಮೂರು ಗಣ, ಅಂದರೆ ಗುಂಪು, ಕೊನೆಗೆ "ನಾನು" ಎಂಬ ಮೂರು ಮಾತ್ರೆಯ ತುಂಡು. ತೊಡೆಯ ಮೇಲೆ ತಾಳ ಹಾಕುತ್ತ ಗಟ್ಟಿಯಾಗಿ ಓದಿ. ಎಡವಿದ ಕಡೆ ಮಾತ್ರೆ ಹೆಚ್ಚಾಗಿರುತ್ತದೆ, ಇಲ್ಲವೇ ಕಡಿಮೆ. ನಿಮ್ಮ ಎರಡನೆಯ ಸಾಲಿನ "ಕಾಣಿಸುತ್ತಿದ್ದೇನೆ" ಎಂಬುದು ಎಡವುತ್ತಿರುವುದೂ ಹಾಗೆಯೇ. ಅಲ್ಲಿ "ಕಾಣುವೆನು" ಎಂದು ಹಾಕಿ ನೋಡಿ, ಸರಿಯಾಗಿ ಕೂರುತ್ತದೆ.